ಓದಿದವರೇ ಕುರಿ ಕಾಯಬೇಕು!

ಹಾಲು ಕರೆಯುವ ಮನೆಗೆ ಹತ್ತು ಕುರಿ ತಂದರೆ ಲಾಭವೇ, ತಲೆನೋವೇ? ಮಕ್ಕಳ ಓದಿಗೂ ಈ ಪ್ರಶ್ನೆಗೂ ಏನು ಸಂಬಂಧ?

'ಓದದಿದ್ದರೆ ಕುರಿ ಕಾಯೋಕೆ ಹೋಗು!' ನಮ್ಮ ನಾಡಿನ ಶಾಲೆಗಳಲ್ಲಿ ಈ ಬೈಗುಳ ಕೇಳದೆ ಬೆಳೆದವರು ವಿರಳ. ಮಗ್ಗಿ ತಪ್ಪಿದರೆ ಕುರಿ, ಪದ್ಯ ಬಾಯಿಪಾಠ ಬರದಿದ್ದರೆ ಕುರಿ, ಇಂಗ್ಲಿಷ್ ಕಾಗುಣಿತ ಎಡವಿದರಂತೂ ಕುರಿಗಳ ಮಂದೆಯೇ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಕುರಿ ಸಾಕುವುದು ಬುದ್ಧಿ ಬೇಡದ ಕೆಲಸ, ಓದು ತಲೆಗೆ ಹತ್ತದವರ ಪಾಲಿಗೆ ಉಳಿದದ್ದು ಎಂಬ ಭಾವನೆ ಹೀಗೆ ಎಳೆಯ ವಯಸ್ಸಿನಲ್ಲೇ ನಮ್ಮೊಳಗೆ ಬೇರೂರಿದೆ.

ಆದರೆ ಹಳ್ಳಿಯ ಲೆಕ್ಕ ಬೇರೆಯೇ ಹೇಳುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ದನಗಳೂ ಕುರಿಗಳೂ ಹೆಚ್ಚುಕಡಿಮೆ ಸಮಸಮ. ತಲಾ ಸುಮಾರು 95 ಲಕ್ಷ. 2019ರ ಗಣತಿಯ ಹೊತ್ತಿಗೆ ದನಗಳು 85 ಲಕ್ಷದ ಹತ್ತಿರಕ್ಕೆ ಇಳಿದಿದ್ದವು, ಕುರಿಗಳು 1 ಕೋಟಿ 10 ಲಕ್ಷಕ್ಕೆ ಏರಿದ್ದವು. ಏಳು ವರ್ಷಗಳಲ್ಲಿ ತಕ್ಕಡಿ ಒಂದು ಕಡೆ ವಾಲಿತು. ಹಸು ಕಟ್ಟಿದ್ದ ಎಷ್ಟೋ ಮನೆಗಳಲ್ಲಿ ಈಗ 'ನಾವೂ ನಾಲ್ಕು ಕುರಿ ತಂದರೆ ಹೇಗೆ?' ಎಂಬ ಮಾತು ಕೇಳಿಬರುತ್ತಿದೆ.

ಮಾತಿಗೆ ಒಂದು ಮನೆ ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯ ಒಂದು ಊರು. ಮೂರು ಎಕರೆ ಜಮೀನು, ನಾಲ್ಕು ಸೀಮೆಹಸು, ಸ್ವಲ್ಪ ರಾಗಿ, ಬದುವಿನ ಪಕ್ಕದಲ್ಲಿ ಒಂದಿಷ್ಟು ಸೀಮೆಹುಲ್ಲು. ಅಪ್ಪ, ಅವ್ವ, ತಾತ. ಮಗಳು ಪಿಯುಸಿ, ಮಗ ಒಂಬತ್ತನೇ ತರಗತಿ. ರಾತ್ರಿ ಊಟದ ಹೊತ್ತಿಗೆ ಮಾತು ಏಳುತ್ತದೆ.

'ಹಾಲಿನ ದುಡ್ಡು ಬೂಸಾ, ಹಿಂಡಿ, ಮನೆ ಸಾಮಾನಿಗೇ ಸರಿಹೋಗುತ್ತೆ. ಜೂನ್ ಬಂತು ಅಂದ್ರೆ ಫೀಸಿಗೆ ಕೈಸಾಲ. ಎಷ್ಟು ವರ್ಷ ಹಿಂಗೆ?' ಎನ್ನುತ್ತಾಳೆ ಅವ್ವ.

'ಹತ್ತು ಬನ್ನೂರು ಕುರಿ ಕಟ್ಟಿ. ನಾನು ಮೇಯಿಸ್ಕೊಂಡು ಬರ್ತೀನಿ' ಎನ್ನುತ್ತಾರೆ ತಾತ.

'ಹಸೀಗೇ ಮೇವಿಲ್ಲ, ಕುರೀಗೆ ಎಲ್ಲಿಂದ ತರೋದು?' ಅಪ್ಪನ ಪ್ರಶ್ನೆ.

'ಹಸು ಬಿಟ್ಟಿದ್ದನ್ನೇ ತಿನ್ನುತ್ವೆ ಬಿಡಪ್ಪ' ಎಂದು ಮಗ ತೀರ್ಮಾನ ಕೊಟ್ಟುಬಿಡುತ್ತಾನೆ.

ನಾಲ್ವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಮಗನ ಮಾತಿನಲ್ಲಿರುವ ತಪ್ಪು ದೊಡ್ಡದು. ಕುರಿ ಎಂದರೆ ಚಿಕ್ಕ ಗಾತ್ರದ ಹಸು ಎಂದು ಅವನು ತಿಳಿದಿದ್ದಾನೆ. ಹಸುವಿನ ಮನೆಗೆ ಕುರಿ ತಂದು ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲೇ.

ದನದ ನಾಲಿಗೆ, ಕುರಿಯ ತುಟಿ

ಹಸು ಮೇಯುವುದನ್ನು ಹತ್ತಿರದಿಂದ ನೋಡಿ. ನಾಲಿಗೆ ಚಾಚಿ, ಹುಲ್ಲನ್ನು ಸುತ್ತಿ, ಎಳೆದು ಕೀಳುತ್ತದೆ. ಆದ್ದರಿಂದ ಅದಕ್ಕೆ ಸ್ವಲ್ಪ ಉದ್ದ ಬೆಳೆದ ಹುಲ್ಲೇ ಬೇಕು. ಕುರಿಯ ಮೇಲ್ದುಟಿ ನಡುವೆ ಸೀಳಿದೆ. ಆ ಸೀಳುತುಟಿಯಿಂದ ಅದು ಬೇಕಾದ ಎಲೆಯನ್ನಷ್ಟೇ ಆರಿಸಿ, ನೆಲಮಟ್ಟಕ್ಕೆ ಕತ್ತರಿಸಿ ತಿನ್ನಬಲ್ಲದು. ಹಸು ಮೂಸಿ ಬಿಟ್ಟುಹೋದ ಅಗಲ ಎಲೆಯ ಕಳೆಗಿಡಗಳೆಂದರೆ ಅದಕ್ಕೆ ಇಷ್ಟ. ಸಗಣಿ ಬಿದ್ದ ಕಡೆ ಸುತ್ತ ಬೆಳೆದ ಹುಲ್ಲನ್ನು ಹಸು ಮುಟ್ಟುವುದಿಲ್ಲ. ಕುರಿ ಅಷ್ಟು ಹೇಸುವುದಿಲ್ಲ.

ಹೀಗಾಗಿ ಒಂದೇ ಬಯಲಿನಲ್ಲಿ ಮೊದಲು ದನ, ಅದರ ಹಿಂದೆ ಕುರಿ ಮೇಯಿಸಿದರೆ ಎರಡೂ ಒಂದೇ ತಟ್ಟೆಗೆ ಪೂರ್ತಿ ಪೈಪೋಟಿ ಮಾಡುವುದಿಲ್ಲ. ಬ್ರಿಟನ್, ನ್ಯೂಜಿಲೆಂಡ್‌ನ ರೈತರು ದನ–ಕುರಿಗಳನ್ನು ಒಟ್ಟಿಗೆ ಸಾಕುವುದರ ಹಿಂದೆ ಇರುವುದೂ ಇದೇ ತರ್ಕ. ಇನ್ನೊಂದು ಲಾಭವೂ ಉಂಟು. ಕುರಿಯ ಹೊಟ್ಟೆಯ ಜಂತುಗಳಲ್ಲಿ ಹೆಚ್ಚಿನವು ದನದ ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯಲಾರವು. ಹುಲ್ಲಿನ ಮೇಲೆ ಕಾದು ಕುಳಿತ ಕುರಿಜಂತುವಿನ ಮರಿಯನ್ನು ಹಸು ನುಂಗಿದರೆ ಆ ಜಂತುವಿನ ಕಥೆ ಬಹುಮಟ್ಟಿಗೆ ಮುಗಿದಂತೆ. ಆದರೆ ಯಕೃತ್ತಿನ ಚಪ್ಪಟೆಹುಳು ಈ ನಿಯಮಕ್ಕೆ ಸೇರಿಲ್ಲ, ಅದು ಇಬ್ಬರಿಗೂ ಶತ್ರು. ಕೆರೆಯಂಚಿನ, ಬಸವನಹುಳು ಇರುವ ಜೌಗಿನಲ್ಲಿ ಕುರಿ, ದನ ಯಾವುದನ್ನೂ ಮೇಯಿಸದಿರುವುದೇ ಲೇಸು.

ಇದೆಲ್ಲ ಬಯಲಿನ ಮಾತಾಯಿತು. ಗೋದಲಿಯ ಮಾತು ಬೇರೆ. ಹಸು ಎಲೆ ತಿಂದು ಉಳಿಸಿದ ಸೀಮೆಹುಲ್ಲಿನ ಗಟ್ಟಿ ದಂಟು, ಒಣಗಿದ ಜೋಳದ ಕಡ್ಡಿ ಕುರಿಯ ಹೊಟ್ಟೆಗಲ್ಲ. ಅದರ ಮೇವುಚೀಲ ಚಿಕ್ಕದು, ಮೆತ್ತಗಿನ ಎಲೆಯೇ ಅದಕ್ಕೆ ಬೇಕು. ಹಸುವಿನ ಎಂಜಲಿನ ಮೇಲೆ ಕುರಿ ಬದುಕುತ್ತದೆ ಎಂದು ನಂಬಿ ತಂದರೆ ಗರ್ಭದ ಕೊನೆಯ ತಿಂಗಳಲ್ಲೋ ಬೇಸಿಗೆಯಲ್ಲೋ ಅದು ಸೊರಗಿ ಬೀಳುತ್ತದೆ.

ಹತ್ತು ಕುರಿ ಎಂದರೆ ಒಂದು ಹಸು

ಇಲ್ಲಿ ಮನೆಯ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ಮೇವಿನಲ್ಲಿರುವ ನೀರು ಕಳೆದು ಉಳಿಯುವುದನ್ನು 'ಒಣಪದಾರ್ಥ' ಎನ್ನುತ್ತಾರೆ. 400 ಕಿಲೋ ತೂಗುವ ಹಸು ದಿನಕ್ಕೆ ತನ್ನ ತೂಕದ ಶೇಕಡ 2.5ರಿಂದ 3ರಷ್ಟು ಒಣಪದಾರ್ಥ ತಿನ್ನುತ್ತದೆ. ಅಂದರೆ 10ರಿಂದ 12 ಕಿಲೋ. 25 ಕಿಲೋ ತೂಗುವ ಕುರಿ ತನ್ನ ತೂಕದ ಶೇಕಡ 4ರವರೆಗೆ ತಿನ್ನುತ್ತದೆ; ಅಂದರೆ ಸುಮಾರು 1 ಕಿಲೋ. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ 1 ಕಿಲೋ ಒಣಪದಾರ್ಥಕ್ಕೆ 5 ಕಿಲೋ ಹಸಿ ಹುಲ್ಲು ಬೇಕು.

ಹತ್ತು ಹೆಣ್ಣು ಕುರಿ, ಒಂದು ಟಗರು ಸೇರಿ ದಿನಕ್ಕೆ 11 ಕಿಲೋ ಒಣಪದಾರ್ಥ. ಇಡೀ ಮಂದೆಯ ಹೊಟ್ಟೆ ಒಂದು ಸೀಮೆಹಸುವಿನ ಹೊಟ್ಟೆಗೆ ಸಮ! ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಐದನೇ ಹಸು ಕಟ್ಟಲು ಮೇವಿದ್ದರೆ ಹತ್ತು ಕುರಿ ಸಾಕಬಹುದು. ಇಲ್ಲವಾದರೆ ಬದು, ಬೀಳು, ಕೊಯ್ದ ಹೊಲ, ಗೋಮಾಳದಲ್ಲಿ ಎಷ್ಟು ದಿನ ಮೇಯಲು ಸಿಗುತ್ತದೆ ಎಂದು ತಿಂಗಳುವಾರು ಬರೆದು ನೋಡಬೇಕು. ಆಷಾಢದಿಂದ ಕಾರ್ತಿಕದವರೆಗೆ ಹಸಿರೇ ಹಸಿರು. ಮಾರ್ಚ್ ದಾಟಿದರೆ ಬಯಲು ಬರಿದು. ಹುರುಳಿ ಹೊಟ್ಟು, ಕಡಲೆಕಾಯಿ ಬಳ್ಳಿ, ಹಲಸಿನ ಸೊಪ್ಪು, ಬೇಲಿಯ ಮೇಲಿನ ಅಗಸೆ ಸೊಪ್ಪು ಆಗ ನೆರವಿಗೆ ಬರುತ್ತವೆ. ಬೇಸಿಗೆಯ ಮೇವು ಎಷ್ಟಿದೆಯೋ ಅಷ್ಟೇ ಕುರಿ. ಮಳೆಗಾಲದ ಹಸಿರು ನೋಡಿ ಕುರಿ ಕೊಂಡವರು ಬೇಸಿಗೆಯಲ್ಲಿ ಸಿಕ್ಕ ಬೆಲೆಗೆ ಮಾರುತ್ತಾರೆ.

ದುಡ್ಡು ಬರುವುದು ಯಾವಾಗ?

ಹಾಲಿನದು ಹರಿಯುವ ನೀರಿನಂಥ ಹಣ. ಬೆಳಗ್ಗೆ, ಸಂಜೆ ಡೇರಿಗೆ ಹಾಕಿದ್ದು ಬಟವಾಡೆಯ ದಿನ ಕೈಗೆ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಕುರಿಯದು ಕೆರೆಯ ನೀರು. ನಿಧಾನವಾಗಿ ತುಂಬಿ, ಬೇಕಾದಾಗ ತೂಬು ಎತ್ತಿದರೆ ಒಟ್ಟಿಗೆ ಸಿಗುತ್ತದೆ. ವರ್ಷಕ್ಕೊಮ್ಮೆ ಒಟ್ಟಾಗಿ ಕಟ್ಟಬೇಕಾದ ಫೀಸು, ಹಾಸ್ಟೆಲ್ ಖರ್ಚಿಗೆ ಈ ಎರಡನೆಯದು ಹೊಂದುತ್ತದೆ. ಅವ್ವನ ಮಾತಿನಲ್ಲಿದ್ದ ಸತ್ಯ ಇದು.

ಆದರೆ ತುಂಬಲು ಕಾಲ ಬೇಕು. ಹಸುವಿನ ಗರ್ಭ ಸುಮಾರು 280 ದಿನ, ಕುರಿಯದು 150 ದಿನ. ಜೂನ್‌ನಲ್ಲಿ ಕುರಿ ತಂದು, ಜುಲೈಯಲ್ಲಿ ಟಗರು ಕೂಡಿದರೆ ಡಿಸೆಂಬರ್‌ನಲ್ಲಿ ಮರಿ. ಆ ಮರಿ ಮಾರುವಂತಾಗಲು ಇನ್ನೂ ಆರು ತಿಂಗಳು. ಅಂದರೆ ಕುರಿ ತಂದ ಮೊದಲ ವರ್ಷ ಬರೀ ಖರ್ಚು. 'ಈ ವರ್ಷದ ಫೀಸು ಕುರಿಯಿಂದ ಕಟ್ಟೋಣ' ಎಂದು ಸಾಲ ತಂದವರು ಮರಿ ಬೆಳೆಯುವ ಮೊದಲೇ ತಾಯಿಯನ್ನು ಮಾರಬೇಕಾಗುತ್ತದೆ. ಕುರಿಯ ಹಣ ಬರುವ ವರ್ಷದ ಫೀಸಿಗೆ, ಈ ವರ್ಷದ್ದಕ್ಕಲ್ಲ.

ಇನ್ನು ಎಷ್ಟು ಮರಿ? ಬನ್ನೂರು ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಹತ್ತರಲ್ಲಿ ಒಂಬತ್ತು ಮರಿ ಹಾಕಿದವು, ಎರಡು ಮರಿ ಹೋದವು ಎಂದುಕೊಳ್ಳಿ. ಉಳಿದದ್ದು ಏಳು. ವಯಸ್ಸಾದ ಕುರಿಗಳ ಜಾಗ ತುಂಬಲು ಎರಡು ಹೆಣ್ಣುಮರಿ ಇಟ್ಟುಕೊಂಡರೆ ಮಾರಾಟಕ್ಕೆ ಐದು. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷದಲ್ಲಿ ಮೂರು ಸೂಲು ಪಡೆಯಬಹುದು, ನಿಜ. ಆದರೆ ಹೊಸಬರು ಮೊದಲ ಎರಡು ವರ್ಷ ವರ್ಷಕ್ಕೊಂದು ಸೂಲಿನ ಲೆಕ್ಕವನ್ನೇ ಇಟ್ಟುಕೊಳ್ಳುವುದು ಕ್ಷೇಮ. ಐದು ಮರಿಗೆ ನಿಮ್ಮೂರ ಸಂತೆಯ ಇವತ್ತಿನ ದರ ಗುಣಿಸಿ, ಔಷಧಿ, ಮೇವು, ರೊಪ್ಪದ ಖರ್ಚು ಕಳೆದು ನೋಡಿ. ಬಕ್ರೀದ್, ಯುಗಾದಿಯ ಹೊಸತೊಡಕು, ಊರಹಬ್ಬಗಳ ಹೊತ್ತಿಗೆ ದರ ಏರುವುದು ಎಲ್ಲರಿಗೂ ಗೊತ್ತು. ಮರಿ ಯಾವ ತಿಂಗಳು ಹುಟ್ಟಬೇಕೆಂಬುದನ್ನು ಅದರಿಂದ ಹಿಂದಕ್ಕೆ ಎಣಿಸಬೇಕು.

ಪರೀಕ್ಷೆಯ ಮನೆಗಳಿಗೆ ಇನ್ನೊಂದು ಎಣಿಕೆ. ಅಕ್ಟೋಬರ್‌ನಲ್ಲಿ ಟಗರು ಮಂದೆಯಲ್ಲಿದ್ದರೆ ಮರಿ ಹುಟ್ಟುವುದು ಮಾರ್ಚ್‌ನಲ್ಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಲಾಟೀನು, ಟಾರ್ಚು ಹಿಡಿದು ರೊಪ್ಪದಲ್ಲಿರಬೇಕಾದೀತು. ಟಗರನ್ನು ಆ ತಿಂಗಳು ಬೇರೆ ಕಟ್ಟಿದರೆ ಆಯಿತು.

ಯಾವ ಸೀಮೆಗೆ ಯಾವ ಕುರಿ

ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ 'ಯು' ಅಕ್ಷರದಂತೆ ಕಾಣುವ ತೊಡೆ. ಇದು ಬನ್ನೂರು ಕುರಿಯ ಗುರುತು. ಬಂಡೂರು, ಮಂಡ್ಯ ಕುರಿ ಎಂದೂ ಕರೆಯುವ ಈ ತಳಿಗೆ ಹೆಸರು ಬಂದದ್ದು ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ. ಅದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಬಳ್ಳಾರಿ, ಚಿತ್ರದುರ್ಗದ ಕಡೆ ಬಳ್ಳಾರಿ ತಳಿ, ಕೊಪ್ಪಳ, ರಾಯಚೂರಿನ ಕಡೆ ಕೆಂಪು ಮೈಯ ಕೆಂಗುರಿ, ಉತ್ತರದ ಒಣಬಯಲಿನಲ್ಲಿ ದಖನಿ. ಆಯಾ ಸೀಮೆಯ ಬಿಸಿಲು, ಮೇವು, ರೋಗಕ್ಕೆ ಒಗ್ಗಿದ ತಳಿಯೇ ಹೊಸಬರಿಗೆ ಸರಿ.

ಅವಳಿ ಮರಿ ಹಾಕುವ 'ನಾರಿ ಸುವರ್ಣ' ಕುರಿಯ ಹೆಸರನ್ನೂ ನೀವು ಕೇಳಿರಬಹುದು. ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದೊಂದು ಸೊಗಸಾದ ಪಾಠ. ಬಂಗಾಳದ ಸುಂದರಬನದ ಗರೋಲ್ ಎಂಬ ಪುಟ್ಟ ಕುರಿಯಲ್ಲಿ ಅವಳಿಗೆ ಕಾರಣವಾಗುವ ಒಂದು ಜೀನ್ ಇದೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ದಖನಿ ಕುರಿಗೆ ತಂದರು. ಆದರೆ ಎರಡು ಮರಿಗೆ ಹಾಲೂ ಎರಡರಷ್ಟು ಬೇಕು, ತಾಯಿಗೆ ಮೇವೂ ಹೆಚ್ಚು ಬೇಕು. ಒಂದು ಮರಿಯನ್ನು ಸರಿಯಾಗಿ ಸಾಕಲು ಕಲಿತ ಮೇಲೆ ಅವಳಿಯ ಆಸೆ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದೇ ಕೊಟ್ಟಿಗೆ ಬೇಡ

ಹಸುವಿನ ಮನೆಯಲ್ಲಿ ಕುರಿಗೆ ಕಾದಿರುವ ಅಪಾಯಗಳಲ್ಲಿ ಒಂದು ಬೂಸಾದ ಚೀಲದ ಪಕ್ಕದಲ್ಲೇ ಇರುತ್ತದೆ. ಅದೇ ಹಸುವಿನ ಖನಿಜ ಮಿಶ್ರಣ. ಅದರಲ್ಲಿ ತಾಮ್ರವಿದೆ. ಹಸು ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಬಲ್ಲದು. ಕುರಿಗೆ ಆ ಶಕ್ತಿ ಕಡಿಮೆ. ತಾಮ್ರ ಅದರ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಶೇಖರವಾಗುತ್ತದೆ. ಒಂದು ದಿನ, ದೂರ ನಡೆಸಿದಾಗಲೋ ಮಳೆಯಲ್ಲಿ ನೆಂದಾಗಲೋ, ಒಮ್ಮೆಲೇ ರಕ್ತಕ್ಕೆ ಸುರಿದು ಕೆಂಪು ಕಣಗಳನ್ನು ಒಡೆಯುತ್ತದೆ. ಕಣ್ಣು ಹಳದಿ, ಮೂತ್ರ ಕೆಂಪುಗಂದು. ಒಂದೆರಡು ದಿನದಲ್ಲಿ ಸಾವು. ಪುಡಿ ತಿನ್ನಿಸಿದ್ದು ಎಂದೋ, ಕುರಿ ಸತ್ತದ್ದು ಇಂದು. ಕಾರಣ ಯಾರಿಗೂ ಹೊಳೆಯುವುದಿಲ್ಲ. 'ಯಾರೋ ಕಣ್ಣು ಹಾಕಿದರು' ಎಂದುಕೊಂಡವರೂ ಇದ್ದಾರು! ಕುರಿಗೆಂದೇ ಮಾಡಿದ ಖನಿಜ ಮಿಶ್ರಣ ಸಿಗುತ್ತದೆ, ಅದನ್ನೇ ಕೊಡಿ. ಹಸುವಿನ ಪಶು ಆಹಾರವನ್ನೂ ಪಶುವೈದ್ಯರನ್ನು ಕೇಳದೆ ಕುರಿಯ ಮುಂದಿಡಬೇಡಿ.

ರೋಗಗಳಲ್ಲೂ ವಿಚಿತ್ರ ಕೊಡು–ಕೊಳ್ಳುವಿಕೆ ಇದೆ. ನೀಲಿ ನಾಲಿಗೆ ರೋಗದ ವೈರಸ್ಸನ್ನು ದನ ಬಹುಮಟ್ಟಿಗೆ ಲಕ್ಷಣವಿಲ್ಲದೆ ಹೊತ್ತು ತಿರುಗುತ್ತದೆ, ನರಳುವುದು ಕುರಿ. ಸಗಣಿ ಬೆರೆತ ಒದ್ದೆ ಮಣ್ಣಿನಲ್ಲಿ ಹುಟ್ಟುವ ನುಸಿಯಂಥ ಸಣ್ಣ ಕೀಟ ಇದನ್ನು ಹರಡುತ್ತದೆ. ಹಿಂಗಾರು ಮಳೆಯ ತಿಂಗಳುಗಳಲ್ಲಿ ಜ್ವರ, ಊದಿದ ತುಟಿ, ಬಾಯಿಹುಣ್ಣು, ಕುಂಟು ಕಂಡರೆ ತಡಮಾಡಬಾರದು. ಇದಕ್ಕೆ ಲಸಿಕೆ ಇದೆ. ಇದರ ತಿರುವುಮುರುವು ಮ್ಯಾಲಿಗ್ನಂಟ್ ಕಟಾರಲ್ ಫೀವರ್. ಅದರ ವೈರಸ್ ಕುರಿಗೆ ಏನೂ ಮಾಡದು, ದನ–ಎಮ್ಮೆಗೆ ತಗುಲಿದರೆ ಮಾರಕ. ಅಪರೂಪವಾದರೂ ಭಾರತದಲ್ಲಿ ವರದಿಯಾಗಿದೆ. ಆದ್ದರಿಂದ ಕುರಿಗೆ ಬೇರೆ ರೊಪ್ಪ, ಬೇರೆ ಗೋದಲಿ, ಬೇರೆ ನೀರಿನ ತೊಟ್ಟಿ ಇರಬೇಕು. ಒಂದು ಕುರಿಗೆ 10ರಿಂದ 12 ಚದರ ಅಡಿ ನೆರಳು ಸಾಕು. ನೆಲ ಒಣಗಿರಬೇಕು. ನಾಯಿ, ಚಿರತೆ, ಕಳ್ಳರು ನುಗ್ಗದಂತೆ ಗಟ್ಟಿ ಬಾಗಿಲಿರಬೇಕು.

ಕುರಿಗಳ ಪಿಪಿಆರ್ ರೋಗದ ಕಥೆಯೂ ತಿಳಿಯತಕ್ಕದ್ದು. ದನಗಳನ್ನು ಹಿಂಡುಹಿಂಡಾಗಿ ಕೊಂದ 'ದೊಡ್ಡರೋಗ'ದ ವೈರಸ್ಸಿಗೆ ಇದು ಹತ್ತಿರದ ನೆಂಟ. 1987ರಲ್ಲಿ ತಮಿಳುನಾಡಿನಲ್ಲಿ ಭಾರತದಲ್ಲೇ ಮೊದಲ ಬಾರಿ ಗುರುತಿಸಲಾಯಿತು. ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು. ಪಿಪಿಆರ್‌ಗೆ ಹಾಕಿಕೊಂಡಿರುವ ಗಡುವು 2030. ಮರಿಗೆ ಮೂರು–ನಾಲ್ಕು ತಿಂಗಳಾದಾಗ ಒಂದು ಚುಚ್ಚುಮದ್ದು ಕೆಲವು ವರ್ಷ ಕಾಯುತ್ತದೆ. ಮುಂಗಾರಿನ ಹೊಸ ಚಿಗುರು ತಿಂದು ಕುರಿ ದಿಢೀರನೆ ಸಾಯುವ ಕರುಳುಬೇನೆಗೆ ಮಳೆಗೆ ಮುಂಚೆಯೇ ಲಸಿಕೆ ಹಾಕಿಸಬೇಕು.

ಕಣ್ಣು ನೋಡಿ, ಟೇಪು ಹಿಡಿಯಿರಿ

ಮಳೆಗಾಲದಲ್ಲಿ ಕುರಿಯ ಹೊಟ್ಟೆ ಸೇರಿ ರಕ್ತ ಹೀರುವ ಜಂತುವೊಂದಿದೆ, ಹೆಸರು ಹೀಮಾಂಕಸ್. ಅದು ಇದೆಯೇ ಎಂದು ತಿಳಿಯಲು ದಕ್ಷಿಣ ಆಫ್ರಿಕದ ಪಶುವೈದ್ಯರು ಸುಲಭ ಉಪಾಯ ರೂಪಿಸಿದರು. ಕುರಿಯ ಕೆಳರೆಪ್ಪೆ ಎಳೆದು ಒಳಬದಿಯ ಬಣ್ಣ ನೋಡುವುದು. ಕೆಂಪಗಿದ್ದರೆ ಚಿಂತೆಯಿಲ್ಲ, ಬಿಳಿಚಿದ್ದರೆ ರಕ್ತ ಸೋರುತ್ತಿದೆ. ದವಡೆಯ ಕೆಳಗೆ ನೀರು ತುಂಬಿ ಜೋತುಬಿದ್ದಿದ್ದರೆ ಇನ್ನೂ ಕೆಟ್ಟದ್ದು. ಬಿಳಿಚಿದವಕ್ಕೆ ಮಾತ್ರ ಔಷಧಿ ಕೊಟ್ಟರೆ ಖರ್ಚೂ ಕಡಿಮೆ, ಜಂತುಗಳು ಔಷಧಿಗೆ ಒಗ್ಗುವುದೂ ನಿಧಾನ. ಇಬ್ಬನಿ ಆರುವ ಮುನ್ನ ಕುರಿ ಬಿಡಬಾರದೆಂಬ ಹಿರಿಯರ ಮಾತೂ ಇಲ್ಲಿ ವಿಜ್ಞಾನಕ್ಕೆ ಹೊಂದುತ್ತದೆ. ಜಂತುವಿನ ಮರಿಗಳು ಒದ್ದೆ ಹುಲ್ಲಿನ ತುದಿಗೆ ಹತ್ತಿ ಕುಳಿತಿರುವ ಹೊತ್ತು ಅದು.

ಸಂತೆಯಲ್ಲಿ ದಲ್ಲಾಳಿ ಕುರಿಯ ಬೆನ್ನು ಹಿಸುಕಿ ಬೆಲೆ ಹೇಳುತ್ತಾನೆ. ನಿಮ್ಮ ಮಗಳ ಕೈಯಲ್ಲಿ ದರ್ಜಿಯ ಟೇಪು ಇದ್ದರೆ ಅವಳೂ ಹೇಳಬಲ್ಲಳು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಸುತ್ತಳತೆ 27, ಉದ್ದ 24 ಇದ್ದರೆ 58 ಪೌಂಡು. 2.2ರಿಂದ ಭಾಗಿಸಿದರೆ 26 ಕಿಲೋಗೆ ತುಸು ಮೇಲೆ. ಇದು ಶೇಫರ್ ಸೂತ್ರ. ತಕ್ಕಡಿಯಷ್ಟು ನಿಖರವಲ್ಲ, ಆದರೆ ಮೋಸ ಹೋಗದಿರಲು ಸಾಕು. ಔಷಧಿಯ ಪ್ರಮಾಣ ನಿರ್ಧರಿಸಲೂ ಈ ತೂಕ ಬೇಕು.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಪ್ರತಿ ಕುರಿಗೊಂದು ಪುಟ. ಟಗರು ಕೂಡಿದ ದಿನ, ಮರಿ ಹಾಕಿದ ದಿನ, ತೂಕ, ಲಸಿಕೆ, ಜಂತಿನ ಔಷಧಿ, ಮಾರಿದ ಬೆಲೆ. ಎರಡು ವರ್ಷವಾದರೆ ಯಾವ ಕುರಿ ಮನೆ ನಡೆಸುತ್ತಿದೆ, ಯಾವುದು ಬರೀ ತಿನ್ನುತ್ತಿದೆ ಎಂಬುದು ಆ ಪುಟಗಳೇ ಹೇಳುತ್ತವೆ.

ಕಾಯುವವರು ಯಾರು?

ಕೊನೆಗೆ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ. ಹಸುವನ್ನು ಗೂಟಕ್ಕೆ ಕಟ್ಟಿ ಶಾಲೆಗೆ ಹೋಗಬಹುದು, ಮೇಯುವ ಕುರಿಯ ಹಿಂದೆ ಒಬ್ಬರು ಇರಲೇಬೇಕು. ತಾತನ ಮಂಡಿನೋವು ಹೆಚ್ಚಾದ ದಿನ 'ಇವತ್ತೊಂದು ದಿನ ನೀನು ಹೋಗು ಮಗಾ' ಎಂದು ಶುರುವಾಗುತ್ತದೆ. ಒಂದು ದಿನ ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಫೀಸು ಕಟ್ಟಲೆಂದು ತಂದ ಕುರಿ ಓದನ್ನೇ ಮೇಯ್ದುಬಿಡುತ್ತದೆ! ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಕಾನೂನಿನ ಹಕ್ಕು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ಮಕ್ಕಳು ಮನೆಯ ಕಸುಬಿಗೆ ನೆರವಾಗುವುದನ್ನು ಶಾಲೆಯ ಸಮಯದ ಹೊರಗೆ, ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಆದ್ದರಿಂದ ಕುರಿ ತರುವ ಮೊದಲೇ ಮನೆಮಂದಿ ಕುಳಿತು ತೀರ್ಮಾನಿಸಬೇಕು: ತಾತನಿಗೆ ಆಗದ ದಿನ ಏನು ಮಾಡುವುದು? ರೊಪ್ಪದಲ್ಲೇ ಸೊಪ್ಪು ಕಟ್ಟುವುದೇ, ನೆರೆಮನೆಯವರ ಮಂದೆಗೆ ಸೇರಿಸುವುದೇ? ಉತ್ತರ ಸಿಗದಿದ್ದರೆ ಹತ್ತಲ್ಲ, ಎರಡು ಕುರಿಯೂ ಬೇಡ.

ಮಕ್ಕಳ ಪಾಲಿನ ಕೆಲಸ ನೋಟ್‌ಬುಕ್ಕಿನದು, ಭಾನುವಾರದ ಟೇಪಿನದು, ಲಸಿಕೆಯ ದಿನ ನೆನಪಿಸುವುದು. ಅದರಿಂದ ಓದು ಕೆಡುವುದಿಲ್ಲ, ಬೆಳೆಯುತ್ತದೆ. ಆಸಕ್ತಿ ಹುಟ್ಟಿದವರಿಗೆ ದಾರಿಯೂ ಇದೆ. ಬೀದರ್‌ನಲ್ಲಿ ಕೇಂದ್ರವಿರುವ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ, ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಐದೂವರೆ ವರ್ಷದ ಪಶುವೈದ್ಯಕೀಯ ಪದವಿ ಇವೆ.

ನಮ್ಮ ಕಲ್ಪನೆಯ ಮನೆಗೆ ಮರಳೋಣ. ಆ ಮನೆಯವರು ಲೆಕ್ಕ ಹಾಕಿದರೆ ಬಹುಶಃ ಹತ್ತರ ಬದಲು ನಾಲ್ಕು ಕುರಿಯಿಂದ ಶುರುಮಾಡುತ್ತಾರೆ. ಟಗರಿಗೆ ನೆರೆಯವರನ್ನು ಕೇಳುತ್ತಾರೆ. ಮೊದಲ ವರ್ಷದ ಫೀಸು ಹಾಲಿನದೇ. ಅಲ್ಲಿಯವರೆಗೆ ರೊಪ್ಪದ ಹಿಕ್ಕೆ ಗೊಬ್ಬರವಾಗಿ ರಾಗಿ ಹೊಲ ಸೇರುತ್ತದೆ. ಅವಸರವಿಲ್ಲ, ಕೆರೆ ತುಂಬಲು ಮಳೆಗಾಲವೊಂದು ಬೇಕು.

ಇನ್ನು ಮುಂದೆ ಮೇಷ್ಟ್ರು 'ಕುರಿ ಕಾಯೋಕೆ ಹೋಗು' ಎಂದರೆ ಸಿಟ್ಟಾಗಬೇಡಿ. 'ಹೋಗ್ತೀನಿ ಸಾರ್, ಆದ್ರೆ ಅದಕ್ಕೆ ಇನ್ನೂ ಸ್ವಲ್ಪ ಓದಬೇಕು' ಎಂದುಬಿಡಿ!